ಶುಕ್ರವಾರದ ಜಪಸರ, ಚಿಕ್ಕಪ್ಪನ ಸಾಲ

ಥಾಣೆಯ ಅಕ್ಕನವರು ಕೇಳಿದ್ದಾರೆ: "2025ರ ಜೂಬಿಲಿ ವರ್ಷ ಬಂದೂ ಹೋಯಿತು. ಮಕ್ಕಳನ್ನು ರೋಮಿಗೆ ಕರೆದೊಯ್ಯಲು ಆಗಲಿಲ್ಲ, ಮುಂಬಯಿಯಲ್ಲಿ ಪವಿತ್ರ ದ್ವಾರ ಎಲ್ಲಿತ್ತೆಂದೂ ತಿಳಿಯಲಿಲ್ಲ. ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?"

ಅಕ್ಕಾ, ಕಥೋಲಿಕರ ಪವಿತ್ರ ವರ್ಷವಾದ ಜೂಬಿಲಿಯಲ್ಲಿ ಯಾತ್ರಿಕರು ಹಾದುಹೋಗಲೆಂದು ತೆರೆಯುವ ಆ ಬಾಗಿಲಿನ ಚಿಂತೆ ಬಿಡಿ. ಈ ಸಲ ಮುಂಬಯಿಯಲ್ಲಿ ಅದು ಇರಲೇ ಇಲ್ಲ. 2015-16ರ ಕರುಣೆಯ ವರ್ಷದಲ್ಲಿ ದೇಶದೇಶಗಳ ಧರ್ಮಪ್ರಾಂತ್ಯಗಳಲ್ಲೂ ತೆರೆದಿದ್ದರಲ್ಲ, ನಿಮ್ಮ ನೆನಪಿನಲ್ಲಿರುವುದು ಅದೇ ಇರಬೇಕು. ಈ ಸಲ ರೋಮಿನ ನಾಲ್ಕು ಮಹಾ ಬೆಸಿಲಿಕಗಳಲ್ಲಿ ಮಾತ್ರ, ಜೊತೆಗೆ ಅಲ್ಲಿನ ರೆಬಿಬಿಯಾ ಸೆರೆಮನೆಯಲ್ಲಿ. ಸೆರೆಮನೆಯ ದ್ವಾರವನ್ನು 2024ರ ಡಿಸೆಂಬರ್ 26ರಂದು ಪೋಪ್ ಫ್ರಾನ್ಸಿಸ್ ಅವರೇ ತೆರೆದರು. ಅದನ್ನು ಮುಚ್ಚುವ ಕಾಲ ಬರುವಷ್ಟರಲ್ಲಿ ಅವರೇ ಇರಲಿಲ್ಲ. ಸಂತ ಪೇತ್ರರ ಬೆಸಿಲಿಕದ ಬಾಗಿಲನ್ನು 2026ರ ಜನವರಿ 6ರಂದು ಮುಚ್ಚಿದವರು ಅವರ ನಂತರದ ಪೋಪ್ ಹದಿನಾಲ್ಕನೆಯ ಲಿಯೋ.

ಸೆರೆಮನೆಯ ಸುದ್ದಿ ಕೇಳಿದ ನನ್ನ ಒಂಬತ್ತು ವರ್ಷದ ಮಗ, "ಬಾಗಿಲು ತೆರೆದರೆ ಕೈದಿಗಳು ಓಡಿಹೋಗುವುದಿಲ್ಲವೇ?" ಎಂದು ಕೇಳಿದ. ಉತ್ತರಕ್ಕಾಗಿ ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯ ತೆಗೆದೆ. ಐವತ್ತನೆಯ ವರ್ಷ ಕೊಂಬೂದಬೇಕು, ಜೀತಕ್ಕಿದ್ದವರು ಬಿಡುಗಡೆಯಾಗಬೇಕು, ಕಷ್ಟಕ್ಕೆ ಮಾರಿದ ಹೊಲ ಮೊದಲಿನವರಿಗೆ ಮರಳಬೇಕು, ಎಲ್ಲರೂ ತಮ್ಮ ತಮ್ಮ ಕುಟುಂಬಕ್ಕೆ ಹಿಂದಿರುಗಬೇಕು. ರೋಮಿನಲ್ಲಿ 1300ರಲ್ಲಿ ಆರಂಭವಾಗಿ, ಈಗ ಸಾಮಾನ್ಯವಾಗಿ 25 ವರ್ಷಕ್ಕೊಮ್ಮೆ ಬರುವ ಜೂಬಿಲಿಯ ಬೇರು ಇಲ್ಲಿದೆ. ವಾಟ್ಸ್ಆ್ಯಪ್‌ನಲ್ಲಿ ಜೂಬಿಲಿ ಯಾತ್ರೆಯೆಂದು ಎಷ್ಟು ಚರ್ಚು ಮುಗಿಸಿದೆವು ಎಂದು ಲೆಕ್ಕ ಹಾಕುತ್ತಿದ್ದವರನ್ನು ಕಂಡು ನನಗೆ ಕಿರಿಕಿರಿಯಾದದ್ದೂ ಇದಕ್ಕೇ. ಕೊಂಬಿನ ದನಿಯೇ ಕೇಳಿಸದಿದ್ದರೆ ಚರ್ಚು ಎಣಿಸಿ ಏನು ಫಲ?

ನಮ್ಮ ಮನೆಯ ಸಂಗತಿಗೆ ಬರುತ್ತೇನೆ. ನಾವು ಮೈಸೂರು ಜಿಲ್ಲೆಯ ದೋರನಹಳ್ಳಿ ಕಡೆಯವರು, ಮನೆಮಾತು ಕನ್ನಡ. (ಕರ್ನಾಟಕದ ಕಥೋಲಿಕರೆಂದರೆ ಇಲ್ಲಿ ಎಲ್ಲರೂ ಕೊಂಕಣಿಯಲ್ಲೇ ಮಾತಿಗಿಳಿಯುತ್ತಾರೆ, ನಾನು ಕಣ್ಣುಕಣ್ಣು ಬಿಡುತ್ತೇನೆ.) ಈಗಿರುವುದು ಮುಂಬಯಿ ಬಳಿಯ ವಸಾಯಿಯಲ್ಲಿ. ಭಾನುವಾರದ ಬಲಿಪೂಜೆ ಮರಾಠಿಯಲ್ಲಿ, ಶಾಲೆ ಇಂಗ್ಲಿಷಿನಲ್ಲಿ. ಮಕ್ಕಳ ಬಾಯಲ್ಲಿ ಕನ್ನಡ ಊಟ, ಸ್ನಾನ, ಬೈಗುಳಕ್ಕಷ್ಟೇ ಉಳಿದಿತ್ತು.

ಜೂಬಿಲಿಯ ಫಲ, ಅಂದರೆ ಪಾಪದ ಶಿಕ್ಷೆಯಿಂದ ವಿಮುಕ್ತಿ, ಪಡೆಯಲು ವ್ಯಾಟಿಕನ್ ಹೇಳಿದ ದಾರಿಗಳಲ್ಲಿ ಒಂದು ನಮಗೆ ಹಿಡಿಸಿತು: ವಾರಕ್ಕೆ ಒಂದು ದಿನವಾದರೂ ಸಾಮಾಜಿಕ ಜಾಲತಾಣದಂಥ ವ್ಯರ್ಥ ಕಾಲಹರಣವನ್ನು ತಪಸ್ಸಿನ ಭಾವದಿಂದ ಬಿಡುವುದು. ಶುಕ್ರವಾರ ಸಂಜೆ ಮೊಬೈಲ್ ಇಲ್ಲ ಎಂದು ಸಾರಿದೆ. ಮಗಳು ಕೂಡಲೇ ತಕರಾರು ತೆಗೆದಳು: "ಅಜ್ಜಿಯ ಜೊತೆ ವಿಡಿಯೋದಲ್ಲಿ ಮಾತಾಡುವುದೂ ಕಾಲಹರಣವೇ?" ಹೌದೆನ್ನಲು ಧೈರ್ಯವಿಲ್ಲ, ಅಲ್ಲವೆಂದರೆ ನಿಯಮ ಸಡಿಲ. ಕೊನೆಗೆ ವಿಡಿಯೋ ಬೇಡ, ದನಿ ಸಾಕು ಎಂದು ಒಪ್ಪಂದವಾಯಿತು. ಏಳೂವರೆಗೆ ಅಮ್ಮ ಊರಿನಿಂದ ಕರೆ ಮಾಡುವುದು, ಫೋನನ್ನು ಪೀಠದ ಮುಂದಿಟ್ಟು ನಾವು ಮಣಿ ಎಣಿಸುತ್ತಾ ಹೇಳುವ ಜಪಸರಕ್ಕೆ ಮೊಣಕಾಲೂರುವುದು.

ಮೊದಲ ವಾರಗಳು ಹಾಸ್ಯವೇ. ಶುಕ್ರವಾರ ದುಃಖದ ರಹಸ್ಯಗಳು, ಅಂದರೆ ಯೇಸುವಿನ ಯಾತನೆಯ ಐದು ಘಟನೆಗಳ ಧ್ಯಾನ. ಮೂರನೆಯದಕ್ಕೆ ಮಗ ಮರಾಠಿಯಲ್ಲಿ "ಕಾಟ್ಯಾಂಚಾ ಮುಕುಟ" ಎಂದ. ಅತ್ತ ಕಡೆಯಿಂದ ಅಮ್ಮ ಜಪ ನಿಲ್ಲಿಸಿ, "ಯಾವ ಕಾಟವಪ್ಪಾ ನಿನಗೆ? ಮುಳ್ಳಿನ ಕಿರೀಟ ಅನ್ನು" ಎಂದರು. ಅವನು ನಕ್ಕ, ನಾವೂ ನಕ್ಕೆವು, ಎಷ್ಟನೆಯ ಮಣಿ ಎಂಬುದು ಮರೆತೇಹೋಯಿತು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಮುಗಿಯುವ ಹೊತ್ತಿಗೆ ಒಂದು ರಹಸ್ಯವನ್ನು ಅವನೊಬ್ಬನೇ ನಡೆಸುತ್ತಿದ್ದ. ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ದೋರನಹಳ್ಳಿಗೆ ಹೋದಾಗ ಅಜ್ಜಿಯ ಪಕ್ಕ ನಿಂತು ಎಲ್ಲ ಪ್ರಾರ್ಥನೆಗೂ ಗಟ್ಟಿಯಾಗಿ ದನಿಗೂಡಿಸಿದ. ತಮ್ಮ ಕುಟುಂಬಕ್ಕೆ ಹಿಂದಿರುಗಬೇಕು ಎಂಬ ಸಾಲನ್ನು ಆ ದಿನ ನೆನೆದೆ.

ಹೀಗಾಗಿ ಅಕ್ಕಾ, ರೋಮು ತಪ್ಪಿತೆಂದು ಕೊರಗಬೇಡಿ. ಶುಕ್ರವಾರ ಈಗಲೂ ವಾರಕ್ಕೊಮ್ಮೆ ಬರುತ್ತದೆ. ಆದರೆ ಯಾಜಕಕಾಂಡವನ್ನು ಮಕ್ಕಳ ಕೈಗೆ ಕೊಡುವ ಮೊದಲು ಸ್ವಲ್ಪ ಯೋಚಿಸಿ. ನನ್ನ ಮಗಳು ಆ ಅಧ್ಯಾಯವನ್ನು ಪೂರ್ತಿ ಓದಿ ಬಂದು, "ಹಾಗಾದರೆ ಚಿಕ್ಕಪ್ಪ ಕೊಡಬೇಕಾದ ಹದಿನೆಂಟು ಸಾವಿರ?" ಎಂದಳು. ಅಮ್ಮನನ್ನು ಕೇಳಿ ಹೇಳುತ್ತೇನೆ ಎಂದಿದ್ದೆ. ಇನ್ನೂ ಕೇಳಿಲ್ಲ.