ಸಹಾಯ ಬೇಕು: ಮೇಲಿನ ಮಹಡಿಗೆ ಚಿಲ್ಡ್ ವಾಟರ್ ಸಾಲುತ್ತಿಲ್ಲ

ನಮಸ್ಕಾರ. ಬೆಂಗಳೂರಿನ ಒಂದು ಆಫೀಸ್ ಕಟ್ಟಡದಲ್ಲಿ ಎಸಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಚಿಲ್ಲರ್ (ನೀರು ತಣ್ಣಗೆ ಮಾಡುವ ಯಂತ್ರ), ಪಂಪ್ ಎರಡೂ ಬೇಸ್‌ಮೆಂಟಿನಲ್ಲಿವೆ. ಕೆಳಗಿನವರು ಚಳಿ ಅಂತಾರೆ, ಆರನೇ ಮಹಡಿಯವರು ಸೆಕೆಗೆ ಒದ್ದಾಡುತ್ತಾರೆ.

ಎಲ್ಲ ಎಎಚ್‌ಯುಗೂ (ತಣ್ಣೀರು ಹರಿಯುವ ಕಾಯಿಲ್ ಮೇಲೆ ಗಾಳಿ ಹಾಯಿಸಿ ಮಹಡಿಗೆ ತಂಪು ಗಾಳಿ ಕೊಡುವ ಯಂತ್ರ) 7 ಡಿಗ್ರಿ ನೀರೇ ಹೋಗುತ್ತಿದೆ. ಒಂದನೇ ಮಹಡಿಯಿಂದ ಅದು 9ಕ್ಕೇ ವಾಪಸ್ ಬರುತ್ತಿದೆ, ಆರನೆಯದರಿಂದ 15ಕ್ಕೆ. ಅಂದರೆ ಹತ್ತಿರದ ಕಾಯಿಲ್‌ಗಳೇ ನೀರೆಲ್ಲ ಎಳೆದುಕೊಳ್ಳುತ್ತಿವೆ, ಅಲ್ವಾ? ಸ್ಟ್ರೈನರ್ (ನೀರಿನ ಕಸ ಹಿಡಿಯುವ ಜಾಲರಿ) ಬಿಚ್ಚಿ ತೊಳೆದೆವು, ಪೈಪಿನ ಗಾಳಿ ಬಿಟ್ಟೆವು. ಏನೂ ಬದಲಾಗಲಿಲ್ಲ. ಪಂಪ್ ಸ್ಪೀಡ್ ಜಾಸ್ತಿ ಮಾಡಿದರೆ ಕೆಳಗಿನ ವಾಲ್ವ್‌ಗಳು ಕುಯ್ಯೋ ಅನ್ನುತ್ತವೆ, ಕರೆಂಟೂ ಸುಮ್ನೆ ದಂಡ.

ದೂರದ ಬ್ಯಾಲೆನ್ಸಿಂಗ್ ವಾಲ್ವ್ (ಯಾವ ಕಾಯಿಲ್‌ಗೆ ಎಷ್ಟು ನೀರು ಅಂತ ಹೊಂದಿಸುವ ವಾಲ್ವ್) ಪೂರ್ತಿ ತೆರೆದಿಟ್ಟು, ಹತ್ತಿರದವನ್ನು ಫ್ಲೋ ಅಳೆದು ಬಿಗಿ ಮಾಡುತ್ತಾ ಬಂದರೆ ಸಾಕೇ? ಪಂಪ್ ಸ್ಪೀಡ್ ನಿರ್ಧರಿಸುವ ಪ್ರೆಶರ್ ಸೆನ್ಸರ್ ಈಗ ಪಂಪ್ ಪಕ್ಕದಲ್ಲೇ ಇದೆ. ಅದನ್ನು ಕೊನೆಯ ಎಎಚ್‌ಯು ಹತ್ತಿರ ಹಾಕಿಸಬೇಕೇ? ಸೈಟಿನಲ್ಲಿ ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.