ಸಹಾಯ ಬೇಕು: ಕಡಿಮೆ ಖರ್ಚಿನ ರೀಫ್ ಟ್ಯಾಂಕ್‌ಗೆ ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸಾಧನ) ಬೇಕೇ ಬೇಕಾ?

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 100 ಲೀಟರ್‌ನ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಟ್ಯಾಂಕ್ ಮಾಡುತ್ತಿದ್ದೇನೆ. ಕೈ ಸ್ವಲ್ಪ ಬಿಗಿ, ಹಾಗಾಗಿ ಲೈವ್ ರಾಕ್ (ಬ್ಯಾಕ್ಟೀರಿಯಾ ನೆಲೆಸಿರುವ ಕಲ್ಲು) ಬದಲು ಒಣ ಕಲ್ಲು ಹಾಕಿ, ಕೊಳೆಯ ಅಮೋನಿಯಾ ಕರಗಿಸುವ ಬಾಟಲಿ ಬ್ಯಾಕ್ಟೀರಿಯಾ ಸುರಿದೆ. ಆರ್‌ಓ ನೀರು, ಸ್ಪೆಸಿಫಿಕ್ ಗ್ರಾವಿಟಿ (ಉಪ್ಪಿನಂಶ ತಿಳಿಸುವ ಅಳತೆ) 1.025, ಉಷ್ಣತೆ 26 ಡಿಗ್ರಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದಿವೆ.

ಈಗ ಮರಳು, ಕಲ್ಲಿನ ಮೇಲೆಲ್ಲ ಕಂದು ಪುಡಿಯ ಪದರ. ಬೆರಳಿಂದ ಉಜ್ಜಿದರೆ ಹೊಗೆಯ ಹಾಗೆ ಏಳುತ್ತದೆ, ಮಾರನೇ ದಿನ ಮತ್ತೆ ಅಲ್ಲೇ. ಡಯಾಟಮ್ ಅನ್ನೋ ಕಂದು ಪಾಚಿ ಇರಬೇಕು, ಹೊಸ ಟ್ಯಾಂಕ್‌ನಲ್ಲಿ ಮಾಮೂಲು. ಡೈನೋ (ಡೈನೋಫ್ಲ್ಯಾಜೆಲೇಟ್ ಅನ್ನೋ ಬೇರೆ ಸೂಕ್ಷ್ಮಜೀವಿ) ಆಗಿದ್ದರೆ ಲೋಳೆಯ ಎಳೆ, ಅದರಲ್ಲಿ ಗುಳ್ಳೆ ಇರುತ್ತಿತ್ತು ಅಲ್ವಾ? ಇಲ್ಲಿ ಅದೇನೂ ಇಲ್ಲ. ಸುಮ್ನೆ ಬಿಡಲಾ, ಇಲ್ಲ ಈಗಲೇ ಅದನ್ನು ತಿನ್ನೋ ಬಸವನಹುಳು ತರಲಾ?

ಇನ್ನೊಂದು ವಿಷಯ. ಉಳಿದ ದುಡ್ಡಲ್ಲಿ ಸ್ಕಿಮ್ಮರ್ ಅಥವಾ ಒಳ್ಳೆ ಎಲ್‌ಇಡಿ, ಒಂದೇ ಬರುತ್ತದೆ. ನನಗೆ ಜಾಸ್ತಿ ಆಸೆ ಇಲ್ಲ: ಒಂದು ಜೋಡಿ ಕ್ಲೌನ್ ಮೀನು, ಝೋವಾಂಥಿಡ್, ಮಶ್ರೂಮ್ ಥರದ ಸುಲಭಕ್ಕೆ ಸಾಯದ ಮೆತ್ತನೆ ಹವಳ. ವಾರಕ್ಕೆ 10% ನೀರು ಬದಲಿಸಿದರೆ ಸ್ಕಿಮ್ಮರ್ ಇಲ್ಲದೆ ನಡೆಯುತ್ತದೆ ಅನ್ನೋದು ನನ್ನ ಲೆಕ್ಕ. ಹೀಗೆ ನಡೆಸುತ್ತಿರುವವರು ಯಾರಾದರೂ ಇದ್ದೀರಾ? ಸೆಕೆಂಡ್‌ಹ್ಯಾಂಡ್ ಲೈಟ್ ತಗೊಂಡರೆ ಏನೇನು ನೋಡಿ ತಗೋಬೇಕು, ದಯವಿಟ್ಟು ಹೇಳಿ.