ಸ್ಪೇಸ್ ಒತ್ತಿದರೆ ಪ್ರಿವ್ಯೂ ವಿಂಡೋ ಬರುತ್ತದೆ, ಸದ್ದು ಮಾತ್ರ ಇಲ್ಲ (ಡೆಬಿಯನ್ 12, ನಾಟಿಲಸ್ 43)

ಗುಬ್ಬಚ್ಚಿ

ಲಿನಕ್ಸ್ ಡೆಬಿಯನ್ 12, ಗ್ನೋಮ್ 43 ಡೆಸ್ಕ್‌ಟಾಪ್, ವೇಲ್ಯಾಂಡ್ ಸೆಷನ್. ಫೈಲ್ ಮ್ಯಾನೇಜರ್ ನಾಟಿಲಸ್, ಜೊತೆಗೆ ಪ್ರಿವ್ಯೂ ತೋರಿಸುವ ಗ್ನೋಮ್-ಸುಶಿ ಇನ್‌ಸ್ಟಾಲ್ ಆಗಿದೆ. ಫೈಲ್ ಸೆಲೆಕ್ಟ್ ಮಾಡಿ ಸ್ಪೇಸ್ ಒತ್ತಿದರೆ ಚಿತ್ರಗಳು, ಪಿಡಿಎಫ್ ಸರಿಯಾಗಿ ಕಾಣುತ್ತವೆ. ಆಡಿಯೊದಲ್ಲಿ ಮಾತ್ರ ತೊಂದರೆ, ಅದೂ ಎರಡು ಥರ:

ಎಂಪಿ3, ವೇವ್, ಫ್ಲ್ಯಾಕ್ ಫೈಲ್‌ಗಳಲ್ಲಿ ಪ್ಲೇ ಆಗುತ್ತಿರುವಂತೆ ಪ್ರಗತಿ ಪಟ್ಟಿ ಓಡುತ್ತದೆ, ಸೆಕೆಂಡ್ ಏರುತ್ತದೆ, ಸದ್ದಿಲ್ಲ. ಎಂ4ಎ ಫೈಲ್‌ಗಳಲ್ಲಿ ವಿಂಡೋ ಬರುತ್ತದೆ, ಆದರೆ 0:00ರಿಂದ ಮುಂದಕ್ಕೆ ಹೋಗುವುದೇ ಇಲ್ಲ. ಇವುಗಳ ಆಲ್ಬಂ ಚಿತ್ರವೂ ಐಕಾನ್ ಮೇಲೆ ಬರುವುದಿಲ್ಲ.

ಅದೇ ಫೈಲ್‌ಗಳು ವಿಎಲ್‌ಸಿಯಲ್ಲಿ ಚೆನ್ನಾಗಿ ಕೇಳಿಸುತ್ತವೆ. ನಾಟಿಲಸ್ ರೀಇನ್‌ಸ್ಟಾಲ್ ಮಾಡಿ ನೋಡಿದ್ದಾಯಿತು, ಏನೂ ಬದಲಾಗಲಿಲ್ಲ. ಎಲ್ಲಿಂದ ಹುಡುಕಲು ಶುರು ಮಾಡಬೇಕು?

ಅರೆಬರೆ_ಅಡ್ಮಿನ್

ಪೈಪ್‌ವೈರ್ (ಅಪ್ಲಿಕೇಶನ್‌ಗಳ ಸದ್ದನ್ನು ಸ್ಪೀಕರ್‌ಗೆ ತಲುಪಿಸುವ ಸೌಂಡ್ ಸರ್ವರ್) ತೆಗೆದು ಹಳೆಯ ಪಲ್ಸ್‌ಆಡಿಯೊ ಹಾಕಿಬಿಡಿ. ಇಂಥ ಸದ್ದಿನ ರಗಳೆಗೆಲ್ಲ ಅದೇ ಮದ್ದು.

ಕೊಳವೆ

ದಯವಿಟ್ಟು ಅದನ್ನು ಮಾಡಬೇಡಿ. ವಿಎಲ್‌ಸಿಯಲ್ಲಿ ಸದ್ದು ಬರುತ್ತಿದೆ ಎಂದಮೇಲೆ ಸೌಂಡ್ ಸರ್ವರ್ ನೆಟ್ಟಗಿದೆ. ವೇಲ್ಯಾಂಡ್‌ನಲ್ಲಿ ಸ್ಕ್ರೀನ್ ಹಂಚಿಕೆಗೂ ಪೈಪ್‌ವೈರ್ ಬೇಕು, ಅದನ್ನು ಕಿತ್ತರೆ ಇನ್ನೊಂದು ತಲೆನೋವು.

ಗುಬ್ಬಚ್ಚಿ ಅವರೇ, ನಾಟಿಲಸ್ ರೀಇನ್‌ಸ್ಟಾಲ್ ಮಾಡಿ ಉಪಯೋಗವಿಲ್ಲ, ಏಕೆಂದರೆ ಪ್ರಿವ್ಯೂ ಅದರ ಕೆಲಸವೇ ಅಲ್ಲ. ನಾಟಿಲಸ್ ಡಿ-ಬಸ್ (ಪ್ರೋಗ್ರಾಂಗಳ ನಡುವೆ ಸಂದೇಶ ಒಯ್ಯುವ ವ್ಯವಸ್ಥೆ) ಮೂಲಕ "ಈ ಫೈಲ್ ತೋರಿಸು" ಎಂದು ಸುಶಿಗೆ ಹೇಳಿ ಕೈತೊಳೆದುಕೊಳ್ಳುತ್ತದೆ. ಸುಶಿ ಫೈಲನ್ನು ಜಿಸ್ಟ್ರೀಮರ್ ಎಂಬ ಮೀಡಿಯಾ ಲೈಬ್ರರಿಗೆ ಕೊಡುತ್ತದೆ, ಜಿಸ್ಟ್ರೀಮರ್ ಡಿಕೋಡ್ ಮಾಡಿ ಪೈಪ್‌ವೈರ್‌ಗೆ ಹರಿಸುತ್ತದೆ. ವಿಎಲ್‌ಸಿ ತನ್ನದೇ ಡಿಕೋಡರ್‌ಗಳನ್ನು ಬಳಸುವುದರಿಂದ ಅದರಲ್ಲಿ ಹಾಡು ಕೇಳಿಸಿತು ಎಂದ ಮಾತ್ರಕ್ಕೆ ಜಿಸ್ಟ್ರೀಮರ್ ಸರಿಯಿದೆ ಎಂದಾಗುವುದಿಲ್ಲ. ನಿಮ್ಮಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ದೋಷಗಳಿರುವಂತೆ ಕಾಣುತ್ತದೆ.

(ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಬರೆಯುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲೇ ಹೊಡೆಯಿರಿ.)

ಮೊದಲು ಜಿಸ್ಟ್ರೀಮರ್ 1.0 ಟೂಲ್ಸ್, ಜಿಸ್ಟ್ರೀಮರ್ 1.0 ಪ್ಲಗಿನ್ಸ್-ಬೇಸ್-ಆ್ಯಪ್ಸ್ ಎಂಬ ಎರಡು ಪ್ಯಾಕೇಜ್ ಹಾಕಿಕೊಳ್ಳಿ. ಆಮೇಲೆ "ಜಿಎಸ್‌ಟಿ-ಪ್ಲೇ-1.0" ಕಮಾಂಡ್‌ಗೆ ಒಂದು ಎಂಪಿ3 ಫೈಲ್ ಕೊಟ್ಟು ನೋಡಿ. ಸದ್ದು ಬಂದರೆ ಡಿಕೋಡರ್, ಸರ್ವರ್ ಎರಡೂ ಸರಿಯಿವೆ, ತಪ್ಪು ಸುಶಿಯ ಸ್ಟ್ರೀಮ್‌ನಲ್ಲಿದೆ ಎಂದರ್ಥ. ಬಾರದಿದ್ದರೆ ಟರ್ಮಿನಲ್‌ನಲ್ಲಿ ಬರುವ ಎರರ್ ಇಲ್ಲಿ ಹಾಕಿ.

ಎಂ4ಎಗೆ "ಜಿಎಸ್‌ಟಿ-ಡಿಸ್ಕವರರ್-1.0" ಓಡಿಸಿ. ಪ್ಲಗಿನ್ ಇಲ್ಲ, ಎಂಪೆಗ್-4 ಎಎಸಿ ಡಿಕೋಡರ್ ಬೇಕು ಎಂದು ಅದು ಹೇಳುತ್ತದೆ ಎಂಬುದು ನನ್ನ ಊಹೆ. ಎಂ4ಎ ಎಂಬುದು ಬರಿಯ ಡಬ್ಬಿ, ಒಳಗಿನ ಸದ್ದು ಸಾಮಾನ್ಯವಾಗಿ ಎಎಸಿ ಎಂಬ ಸಂಕುಚಿತ ರೂಪದಲ್ಲಿರುತ್ತದೆ. ಡಬ್ಬಿ ಬಿಚ್ಚುವ ಭಾಗ "ಗುಡ್" ಪ್ಲಗಿನ್ ಗುಂಪಿನಲ್ಲಿದೆ, ಒಳಗಿನ ಎಎಸಿ ಬಿಡಿಸುವ ಡಿಕೋಡರ್ ಆ ಗುಂಪಿನಲ್ಲಿಲ್ಲ. ವಿಂಡೋ ಬಂದು 0:00ರಲ್ಲಿ ನಿಲ್ಲುವುದಕ್ಕೆ ಕಾರಣ ಇದೇ. ಡೆಬಿಯನ್, ಉಬುಂಟುಗಳಲ್ಲಿ ಜಿಸ್ಟ್ರೀಮರ್ 1.0 ಲಿಬ್‌ಎವಿ ಪ್ಯಾಕೇಜ್ ಹಾಕಿದರೆ ಸಾಕು. ಆರ್ಚ್‌ನಲ್ಲಿ ಅದರ ಹೆಸರು ಜಿಎಸ್‌ಟಿ-ಲಿಬ್‌ಎವಿ. ಎಎಸಿ ಬದಲು ಎಎಲ್‌ಎಸಿ (ಗುಣಮಟ್ಟ ಕಳೆಯದ ಇನ್ನೊಂದು ರೂಪ) ತುಂಬಿರುವ ಎಂ4ಎ ಫೈಲ್‌ಗಳನ್ನೂ ಅದೇ ನೋಡಿಕೊಳ್ಳುತ್ತದೆ.

ಹಾಕಿದ ಮೇಲೆ ಸುಶಿಯನ್ನು ಕೊಂದು ಮತ್ತೆ ಏಳಿಸಬೇಕು. ಆಗಲೇ ಓಡುತ್ತಿರುವ ಪ್ರೊಸೆಸ್‌ಗೆ ಹೊಸ ಪ್ಲಗಿನ್ ಬಂದದ್ದು ತಿಳಿಯುವುದಿಲ್ಲ. "ಪಿಕಿಲ್ ಹೈಫನ್-ಎಫ್ ನಾಟಿಲಸ್‌ಪ್ರಿವ್ಯೂಯರ್" ಎಂದು ಕೊಡಿ. ಇದೊಂದು ಹೆಸರಿನಲ್ಲಿ ಮಾತ್ರ ಎನ್ ಮತ್ತು ಪಿ ದೊಡ್ಡಕ್ಷರ. ಮುಂದಿನ ಸಲ ಸ್ಪೇಸ್ ಒತ್ತಿದಾಗ ತಾನಾಗಿ ಏಳುತ್ತದೆ.

ಗುಬ್ಬಚ್ಚಿ

ಲಿಬ್‌ಎವಿ ಹಾಕಿ ಸುಶಿ ಕೊಂದ ಮೇಲೆ ಎಂ4ಎಯಲ್ಲೂ ಪಟ್ಟಿ ಓಡಲು ಶುರುವಾಯಿತು! ಆದರೆ ಅದಕ್ಕೂ ಸದ್ದಿಲ್ಲ. ಜಿಎಸ್‌ಟಿ-ಪ್ಲೇಯಲ್ಲಿ ಎಂಪಿ3, ಎಂ4ಎ ಎರಡೂ ಕೇಳಿಸುತ್ತವೆ.

ಕೊಳವೆ

ಹಾಗಾದರೆ ಎಂ4ಎ ಡಿಕೋಡರ್‌ನ ದೋಷ ಮುಗಿಯಿತು. ಎರಡನೆಯದು, ಅಂದರೆ ಸದ್ದಿಲ್ಲದಿರುವುದು, ಪೈಪ್‌ವೈರ್‌ನ ಸಂಪರ್ಕಗಳನ್ನು ನಿರ್ವಹಿಸುವ ವೈರ್‌ಪ್ಲಂಬರ್‌ನ ನೆನಪಿನ ಶಕ್ತಿಯದು. ಯಾವ ಅಪ್ಲಿಕೇಶನ್‌ನ ವಾಲ್ಯೂಮ್ ಎಷ್ಟಿತ್ತು, ಮ್ಯೂಟ್ ಆಗಿತ್ತೇ, ಯಾವ ಔಟ್‌ಪುಟ್‌ಗೆ ಹೋಗುತ್ತಿತ್ತು ಎಂಬುದನ್ನೆಲ್ಲ ಅದು ಬರೆದಿಟ್ಟುಕೊಂಡು, ಆ ಅಪ್ಲಿಕೇಶನ್ ಮತ್ತೆ ಸದ್ದು ಮಾಡಿದಾಗ ಹಾಗೆಯೇ ಹೊಂದಿಸುತ್ತದೆ. ಒಮ್ಮೆ ಪ್ರಿವ್ಯೂ ಸ್ಟ್ರೀಮ್ ಮ್ಯೂಟ್ ಆಗಿದ್ದರೆ ಕಂಪ್ಯೂಟರ್ ರೀಬೂಟ್ ಮಾಡಿದರೂ ಮ್ಯೂಟೇ. ಜಿಎಸ್‌ಟಿ-ಪ್ಲೇಯ ಹೆಸರು ಬೇರೆಯಾದ್ದರಿಂದ ಅದು ತಪ್ಪಿಸಿಕೊಂಡಿದೆ.

ನೋಡುವ ಬಗೆ: ಪಾವುಕಂಟ್ರೋಲ್ (ವಾಲ್ಯೂಮ್ ನಿಯಂತ್ರಿಸುವ ಅಪ್ಲಿಕೇಶನ್) ಇನ್‌ಸ್ಟಾಲ್ ಮಾಡಿ, ಅದನ್ನು ಮೊದಲೇ ತೆರೆದು ಪ್ಲೇಬ್ಯಾಕ್ ಟ್ಯಾಬ್‌ನಲ್ಲಿಡಿ. ನಾಲ್ಕೈದು ನಿಮಿಷದ ಉದ್ದ ಫೈಲ್ ಒಂದನ್ನು ಆರಿಸಿ ಸ್ಪೇಸ್ ಒತ್ತಿ. ಫೈಲ್ ಚಿಕ್ಕದಾದರೆ ನೀವು ಮೌಸ್ ಒಯ್ಯುವಷ್ಟರಲ್ಲಿ ಮುಗಿದು ಸಾಲೇ ಮಾಯವಾಗುತ್ತದೆ. ಸಾಲಿನ ಹೆಸರು ಏನೇ ಇರಲಿ, ಸ್ಪೇಸ್ ಒತ್ತಿದ ಕ್ಷಣ ಹೊಸದಾಗಿ ಮೂಡಿದ್ದೇ ಸುಶಿಯದು. ಅದರ ಬಲತುದಿಯಲ್ಲಿರುವ ಸ್ಪೀಕರ್ ಗುಂಡಿ ಒತ್ತಿದ ಸ್ಥಿತಿಯಲ್ಲಿದೆಯೇ, ಸ್ಲೈಡರ್ ಸೊನ್ನೆಯಲ್ಲಿದೆಯೇ, ಔಟ್‌ಪುಟ್ ಆಯ್ಕೆಯಲ್ಲಿ ಎಚ್‌ಡಿಎಂಐ ಕೂತಿದೆಯೇ ನೋಡಿ. ಸ್ಪೀಕರ್ ಇಲ್ಲದ ಮಾನಿಟರ್‌ಗೆ ಸದ್ದು ಕಳಿಸುತ್ತ ಕೂತಿರುವುದೂ ಅಷ್ಟೇ ಸಾಮಾನ್ಯ.

ಟರ್ಮಿನಲ್ಲೇ ಇಷ್ಟವಾದರೆ, ಪ್ರಿವ್ಯೂ ಓಡುತ್ತಿರುವಾಗ "ಡಬ್ಲ್ಯೂಪಿಸಿಟಿಎಲ್ ಸ್ಟೇಟಸ್" ಕೊಡಿ. ಸ್ಟ್ರೀಮ್ಸ್ ಭಾಗದಲ್ಲಿ ಅದರ ನಂಬರ್ ಸಿಗುತ್ತದೆ. "ಗೆಟ್-ವಾಲ್ಯೂಮ್" ಜೊತೆ ಆ ನಂಬರ್ ಕೊಟ್ಟಾಗ ವಾಲ್ಯೂಮ್ ಪಕ್ಕದಲ್ಲಿ ಮ್ಯೂಟೆಡ್ ಎಂದು ಬಂದರೆ "ಸೆಟ್-ಮ್ಯೂಟ್", ನಂಬರ್, 0.

ಕೈಗೇ ಸಿಗದಿದ್ದರೆ ಕೊನೆಯ ದಾರಿ: ವೈರ್‌ಪ್ಲಂಬರ್ ಯೂಸರ್ ಸರ್ವಿಸ್ ನಿಲ್ಲಿಸಿ, ಹೋಮ್ ಒಳಗೆ ಡಾಟ್-ಲೋಕಲ್, ಸ್ಟೇಟ್, ವೈರ್‌ಪ್ಲಂಬರ್ ಫೋಲ್ಡರ್‌ನಲ್ಲಿರುವ ರಿಸ್ಟೋರ್-ಸ್ಟ್ರೀಮ್ ಫೈಲ್ ಅಳಿಸಿ, ಸರ್ವಿಸ್ ಮತ್ತೆ ಶುರು ಮಾಡಿ. 0.5 ಆವೃತ್ತಿಯಿಂದ ಆ ಫೈಲ್ ಹೆಸರು ಸ್ಟ್ರೀಮ್-ಪ್ರಾಪರ್ಟೀಸ್. ಸರ್ವಿಸ್ ನಿಲ್ಲಿಸದೆ ಅಳಿಸಿದರೆ ಮೆಮರಿಯಲ್ಲಿರುವುದನ್ನೇ ಅದು ಮತ್ತೆ ಬರೆದುಬಿಡಬಹುದು. ಇದರಿಂದ ಎಲ್ಲ ಅಪ್ಲಿಕೇಶನ್‌ಗಳ ವಾಲ್ಯೂಮ್ ನೆನಪೂ ಹೋಗುತ್ತದೆ, ಹೆಡ್‌ಫೋನ್ ಕಿವಿಯಲ್ಲಿಟ್ಟುಕೊಂಡು ಪರೀಕ್ಷೆ ಮಾಡಬೇಡಿ.

ಚಿತ್ರಗುಪ್ತ_ಲಾಗ್

ಆಲ್ಬಂ ಚಿತ್ರದ ವಿಷಯ ಯಾರೂ ಮುಟ್ಟಲಿಲ್ಲ. ಅದು ಸುಶಿಯದಲ್ಲ, ಐಕಾನ್ ಮೇಲಿನ ಕಿರುಚಿತ್ರ ತಯಾರಿಸುವ ಥಂಬ್‌ನೇಲರ್ ಕೆಲಸ. ಗ್ನೋಮ್ 43ರಲ್ಲಿ ವಿಡಿಯೊ ಪ್ಲೇಯರ್ ಟೋಟೆಮ್ ಜೊತೆ ಬರುವ ಥಂಬ್‌ನೇಲರ್ ಕೂಡ ಜಿಸ್ಟ್ರೀಮರನ್ನೇ ನಂಬಿದೆ. ಲಿಬ್‌ಎವಿ ಇಲ್ಲದಿದ್ದಾಗ ಅದು ಸೋತಿದೆ, ಸೋತದ್ದನ್ನು ಡಾಟ್-ಕ್ಯಾಶ್, ಥಂಬ್‌ನೇಲ್ಸ್ ಒಳಗಿನ ಫೇಲ್ ಫೋಲ್ಡರ್‌ನಲ್ಲಿ ದಾಖಲಿಸಿದೆ. ದಾಖಲೆ ಇರುವ ತನಕ, ಫೈಲಿನ ಮಾರ್ಪಾಡು ಸಮಯ ಬದಲಾಗದ ಹೊರತು ನಾಟಿಲಸ್ ಮರುಪ್ರಯತ್ನ ಮಾಡುವುದಿಲ್ಲ. ಈಗ ಡಿಕೋಡರ್ ಬಂದರೂ ಚಿತ್ರ ಬಾರದಿರುವುದು ಇದಕ್ಕೇ. ಫೇಲ್ ಫೋಲ್ಡರನ್ನು ಪೂರ್ತಿ ಅಳಿಸಿ, "ನಾಟಿಲಸ್ ಹೈಫನ್-ಕ್ಯೂ" ಕೊಟ್ಟು ಮತ್ತೆ ತೆರೆಯಿರಿ. ಪಕ್ಕದಲ್ಲಿರುವ ನಾರ್ಮಲ್, ಲಾರ್ಜ್ ಫೋಲ್ಡರ್‌ಗಳನ್ನು ಮುಟ್ಟಬೇಕಾಗಿಲ್ಲ. ಅವು 128, 256 ಪಿಕ್ಸೆಲ್‌ನ ಸರಿಯಾದ ಚಿತ್ರಗಳು, ಅಳಿಸಿದರೆ ಸುಮ್ಮನೆ ಮತ್ತೆ ತಯಾರಿಸಬೇಕು.

ಲಿಬ್‌ಎವಿ ಹಾಕಿದ ಮೇಲೂ ಪಟ್ಟಿ ಓಡದವರು "ಜಿಎಸ್‌ಟಿ-ಇನ್‌ಸ್ಪೆಕ್ಟ್-1.0 ಹೈಫನ್-ಬಿ" ಕೊಡಿ. ಪ್ಲಗಿನ್ ಒಮ್ಮೆ ಲೋಡ್ ಆಗದಿದ್ದರೆ ಜಿಸ್ಟ್ರೀಮರ್ ಅದನ್ನು ಕಪ್ಪುಪಟ್ಟಿಗೆ ಸೇರಿಸುತ್ತದೆ, ಆ ಪಟ್ಟಿ ಇಲ್ಲಿ ಕಾಣುತ್ತದೆ. ಡಾಟ್-ಕ್ಯಾಶ್ ಒಳಗಿನ ಜಿಸ್ಟ್ರೀಮರ್-1.0 ಫೋಲ್ಡರ್ ಅಳಿಸಿದರೆ ಮುಂದಿನ ಓಟದಲ್ಲಿ ಪಟ್ಟಿ ಹೊಸದಾಗಿ ತಯಾರಾಗುತ್ತದೆ.

ಸಿನ್ನಮನ್ ಡೆಸ್ಕ್‌ಟಾಪ್‌ನ ಫೈಲ್ ಮ್ಯಾನೇಜರ್ ನೆಮೋದಲ್ಲಿ ಇದೇ ಕೆಲಸಕ್ಕೆ ನೆಮೋ-ಪ್ರಿವ್ಯೂ ಪ್ಯಾಕೇಜ್ ಬೇಕು. ಅದು ಸುಶಿಯಿಂದಲೇ ಕವಲೊಡೆದದ್ದು, ಮೇಲಿನದೆಲ್ಲ ಹೆಚ್ಚುಕಡಿಮೆ ಹಾಗೇ ಅನ್ವಯ. ಕೆಡಿಇಯ ಡಾಲ್ಫಿನ್‌ನಲ್ಲಿ ಎಫ್11 ಒತ್ತಿದರೆ ಬರುವ ಮಾಹಿತಿ ಫಲಕದಲ್ಲಿ ಪ್ಲೇ ಗುಂಡಿ ಇರುತ್ತದೆ, ಅಲ್ಲಿನ ವ್ಯವಸ್ಥೆ ಬೇರೆ.

ಗುಬ್ಬಚ್ಚಿ

ಪಾವುಕಂಟ್ರೋಲ್‌ನಲ್ಲಿ ಸಾಲು ಮೂಡಿತು, ಮ್ಯೂಟ್ ಗುಂಡಿ ಒತ್ತಿದ ಸ್ಥಿತಿಯಲ್ಲೇ ಇತ್ತು. ಬಿಡಿಸಿದೆ, ಸದ್ದು ಬಂತು. ಫೇಲ್ ಫೋಲ್ಡರ್ ಅಳಿಸಿದ ಮೇಲೆ ಚಿತ್ರಗಳೂ ಬಂದವು. ಇನ್ನು ಎರಡೇ ಅನುಮಾನ: ಒಂದೇ ಒಂದು ಎಂ4ಎ ಇನ್ನೂ 0:00ರಲ್ಲೇ ನಿಂತಿದೆ, ಅದು ವಿಎಲ್‌ಸಿಯಲ್ಲೂ ಓಡುವುದಿಲ್ಲ. ಮತ್ತೆ, ಎಲ್ಲ ಪ್ರಿವ್ಯೂಗಳಲ್ಲೂ ಮೊದಲ ಅರ್ಧ ಸೆಕೆಂಡ್ ನುಂಗಿದಂತೆ ಕೇಳಿಸುತ್ತದೆ. ಚಿಕ್ಕ ಸೌಂಡ್ ಎಫೆಕ್ಟ್ ಫೈಲ್‌ಗಳಲ್ಲಿ ಏನೂ ಕೇಳಿಸದೇ ಮುಗಿಯುತ್ತದೆ.

ಕೊಳವೆ

ಮೊದಲ ಅರ್ಧ ಸೆಕೆಂಡ್: ಸದ್ದಿಲ್ಲದೆ 5 ಸೆಕೆಂಡ್ ಕಳೆದರೆ ವೈರ್‌ಪ್ಲಂಬರ್ ಔಟ್‌ಪುಟನ್ನು ಮಲಗಿಸುತ್ತದೆ. ಎಚ್ಚರವಾಗಲು ಕೆಲವು ಯುಎಸ್‌ಬಿ, ಎಚ್‌ಡಿಎಂಐ ಸಾಧನಗಳು ತಡ ಮಾಡುತ್ತವೆ, ಅಷ್ಟರಲ್ಲಿ ಆರಂಭ ಹೋಗಿರುತ್ತದೆ. ಆ ಔಟ್‌ಪುಟ್‌ಗೆ ಸೆಷನ್.ಸಸ್ಪೆಂಡ್-ಟೈಮ್‌ಔಟ್-ಸೆಕೆಂಡ್ಸ್ ಬೆಲೆಯನ್ನು 0 ಮಾಡಿದರೆ ಮಲಗುವುದಿಲ್ಲ. ಡೆಬಿಯನ್ 12ರಲ್ಲಿರುವ 0.4 ಆವೃತ್ತಿಗೆ ಈ ನಿಯಮವನ್ನು ಲುವಾ ಫೈಲ್‌ನಲ್ಲಿ ಬರೆಯಬೇಕು, 0.5ರಿಂದ ಡಾಟ್-ಕಾನ್ಫ್ ಫೈಲ್‌ನಲ್ಲಿ. ನೆಟ್‌ನಲ್ಲಿ ಸಿಗುವ ಮಾದರಿ ಯಾವ ಆವೃತ್ತಿಯದು ಎಂದು ನೋಡದೆ ಅಂಟಿಸಿದರೆ ಏನೂ ಆಗುವುದಿಲ್ಲ, ಎರರ್ ಕೂಡ ಕಣ್ಣಿಗೆ ಬೀಳುವುದಿಲ್ಲ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ.

ಆ ಒಂಟಿ ಎಂ4ಎ ಬಹುಶಃ ಅರ್ಧಕ್ಕೆ ನಿಂತ ಡೌನ್‌ಲೋಡ್. ಎಂಪಿ3ಯಲ್ಲಿ ಪ್ರತಿ ಫ್ರೇಮ್‌ಗೂ ತನ್ನದೇ ಹೆಡರ್ ಇರುವುದರಿಂದ ಅರ್ಧ ಫೈಲ್ ಇದ್ದರೆ ಅರ್ಧ ಹಾಡು ಬರುತ್ತದೆ. ಎಂ4ಎಯಲ್ಲಿ ಯಾವ ತುಣುಕು ಎಲ್ಲಿದೆ ಎಂಬ ಸೂಚಿ "ಮೂವ್" ಎಂಬ ಭಾಗದಲ್ಲಿರುತ್ತದೆ, ಅದು ಎಷ್ಟೋ ಸಲ ಫೈಲಿನ ಕೊನೆಯಲ್ಲಿರುತ್ತದೆ. ಬಾಲ ತುಂಡಾದರೆ ಉಳಿದದ್ದೆಲ್ಲ ಇದ್ದೂ ಇಲ್ಲದಂತೆ. ಮೀಡಿಯಾ ಫೈಲ್ ಪರೀಕ್ಷಿಸುವ ಎಫ್‌ಎಫ್‌ಪ್ರೋಬ್ ಕಮಾಂಡ್‌ಗೆ ಕೊಟ್ಟು ನೋಡಿ, "ಮೂವ್ ಆಟಮ್ ನಾಟ್ ಫೌಂಡ್" ಎಂದರೆ ಅದನ್ನು ಮತ್ತೆ ಡೌನ್‌ಲೋಡ್ ಮಾಡಿಕೊಳ್ಳುವುದೇ ಸುಲಭ.

ಗುಬ್ಬಚ್ಚಿ

ಅದೇ ಎರರ್. ಫೈಲ್ ಅಳಿಸಿ ಮತ್ತೆ ಇಳಿಸಿಕೊಳ್ಳುತ್ತಿದ್ದೇನೆ.